ಖಾಲಿ ಹೊಟ್ಟೆಯ ಮಾತ್ರೆ

ಕಳೆದ ಬೇಸಿಗೆಯಲ್ಲಿ ತುರುವೇಕೆರೆಯಿಂದ ತಿಪಟೂರಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಕುಳಿತಿದ್ದಳು. ಕಿಟಕಿಯ ಸರಳು ಮುಟ್ಟಿದರೆ ಕೈ ಸುಡುವ ಬಿಸಿಲು. ಅವಳು ಮಾತ್ರ ಉಣ್ಣೆಯ ಶಾಲನ್ನು ಕಿವಿಯವರೆಗೂ ಹೊದ್ದು ಮುದುರಿಕೊಂಡಿದ್ದಳು. ಶಾಲಿನಿಂದ ನುಸಿಗುಳಿಗೆಯ ವಾಸನೆ ಬರುತ್ತಿತ್ತು. ಕಣ್ಣಿನ ರೆಪ್ಪೆಗಳು ಊದಿದ್ದವು. ತಡೆಯಲಾರದೆ, ರಕ್ತ ಪರೀಕ್ಷೆ ಮಾಡಿಸಿದ್ದೀರಾ ಎಂದು ಕೇಳಿದೆ. ಮಾಡಿಸಿದ್ದೀನಿ, ಥೈರಾಯ್ಡಂತೆ, ಮೊನ್ನೆಯಿಂದ ಮಾತ್ರೆ ಶುರುವಾಗಿದೆ ಎಂದಳು. ನೆಗಡಿಯಾಗಿದೆ ಎನ್ನುವಷ್ಟು ಸಲೀಸಾಗಿ ಹೇಳಿದಳು. ನಮ್ಮ ಚಿಕ್ಕವ್ವನಿಗೆ ಆ ಒಂದು ಹೆಸರು ಸಿಕ್ಕುವಷ್ಟರಲ್ಲಿ ಗಂಡ, ಮನೆ, ಮಗ ಎಲ್ಲವೂ ಹೋಗಿದ್ದವು...

ಚಿಕ್ಕವ್ವ ನಮ್ಮವ್ವನ ತಂಗಿ. ನಮ್ಮೂರು ದಂಡಿನಶಿವರದ ಹತ್ತಿರ. ಎಪ್ಪತ್ತರ ದಶಕದಲ್ಲಿ ಅವಳನ್ನು ತಿಪಟೂರಿನ ಮಗ್ಗುಲ ಹಳ್ಳಿಯ ಕೊಬ್ಬರಿ ವ್ಯಾಪಾರದವರ ಮನೆಗೆ ಕೊಟ್ಟಿದ್ದರು. ಅಟ್ಟದ ತುಂಬ ಕಾಯಿ ಇದ್ದ ಮನೆ. ಒಣಗಿದ ಕಾಯಿ ಇಳಿಸಿ, ಸುಲಿದು, ಚಿಪ್ಪು ಒಡೆದು ಕೊಬ್ಬರಿ ಬಿಡಿಸುವ ಕಾಲ ಬಂದರೆ ಅಲ್ಲಿ ಯಾರೂ ಸುಮ್ಮನೆ ಕೂರುವಂತಿರಲಿಲ್ಲ. ಚಿಕ್ಕವ್ವ ಆ ಕೆಲಸವನ್ನು ಹಾಡು ಹೇಳಿಕೊಂಡೇ ಮಾಡುತ್ತಿದ್ದಳು. ಉಂಡೆ ಕೊಬ್ಬರಿಗೆ ಒಂದು ಗೀರೂ ಬೀಳದ ಹಾಗೆ ಚಿಪ್ಪು ಬಿಡಿಸುತ್ತಿದ್ದ ಅವಳ ಕೈಯನ್ನು ಅವಳ ಅತ್ತೆ ಓಣಿಯವರ ಮುಂದೆಲ್ಲ ಹೊಗಳುತ್ತಿದ್ದಳಂತೆ. ಅದು ಮಗು ಹುಟ್ಟುವವರೆಗೆ.

ಗಂಡು ಮಗುವೇ ಆಯಿತು. ಬಾಣಂತನ ಮುಗಿಸಿ ಗಂಡನ ಮನೆಗೆ ಹೋದವಳು ದಿನದಿನಕ್ಕೆ ನಿಧಾನವಾಗುತ್ತ ಹೋದಳು. ಮೈ ಊದಿತು. ಬಾಚಿದರೆ ಕೂದಲು ಹಿಡಿಹಿಡಿಯಾಗಿ ಬರುತ್ತಿತ್ತು. ದನಿ ಗಂಡಸರ ದನಿಯ ಹಾಗೆ ದಪ್ಪಗಾಯಿತು. ಬೇಸಿಗೆಯಲ್ಲೂ ಚಳಿ ಎಂದು ಒಲೆ ಮುಂದೆ ಕೂರುವಳು, ಕೂತಲ್ಲೇ ತೂಕಡಿಸುವಳು. ಮುದ್ದೆಗಿಟ್ಟ ಎಸರು ಇಂಗಿ ಪಾತ್ರೆ ಸೀದರೂ ಅವಳಿಗೆ ಎಚ್ಚರವಾಗುತ್ತಿರಲಿಲ್ಲ. ಅದು ಕಾಯಿಲೆ ಎಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ತಿಂದು ಕೊಬ್ಬಿದವಳು ಎಂದರು. ಅತ್ತೆ ಅವಳಿಗೆ ಎಮ್ಮೆ ಎಂದು ಹೆಸರಿಟ್ಟಳು. ಗಂಡನೂ ಹಾಗೆಯೇ ಕರೆಯತೊಡಗಿದ.

ಮಗುವಿನ ಜವಳಕ್ಕೆ ನಾನು ನಮ್ಮವ್ವನ ಜೊತೆ ಹೋಗಿದ್ದೆ. ಹೈಸ್ಕೂಲಿನಲ್ಲಿದ್ದೆ. ಊಟ ಮುಗಿದು ನೆಂಟರೆಲ್ಲ ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದಾಗ ಅತ್ತೆ ಚಿಕ್ಕವ್ವನನ್ನು ಒಳಗಿನಿಂದ ಕರೆಸಿದಳು. "ನಡ್ದು ತೋರ್ಸು. ನಿಮ್ಮೋರೂ ನೋಡ್ಲಿ, ನಮ್ಗೆ ಎಂಥದ್ನ ತಂದು ಕಟ್ಟವ್ರೆ ಅಂತ," ಎಂದಳು. ಚಿಕ್ಕವ್ವ ಗೋಡೆ ಹಿಡಿದುಕೊಂಡು ಅಂಗಳಕ್ಕಿಳಿದು ದನದ ಬಾನಿಯವರೆಗೆ ನಡೆದು ವಾಪಸು ಬಂದಳು. ಅತ್ತೆ ಅವಳ ಹಿಂದೆಯೇ ಸೊಂಟ ತೂಗುತ್ತ, ಬಾಯಿ ಜೋಲಿಸಿ, ಆ ದಪ್ಪ ದನಿಯನ್ನು ಅಣಕಿಸುತ್ತ ನಡೆದಳು. ಜಗಲಿ ತುಂಬ ನಗು. ಗಂಡ ಎನಿಸಿಕೊಂಡವನು ತನ್ನ ಉಗುರು ನೋಡಿಕೊಳ್ಳುತ್ತಿದ್ದ. ಯಾರ್ಯಾರು ನಕ್ಕರೆಂದು ನಾನು ಇವತ್ತಿಗೂ ಹೇಳಬಲ್ಲೆ.

ಸಂಜೆಯ ಬಸ್ಸಿಗೇ ಅವಳನ್ನು ನಮ್ಮ ಜೊತೆ ಹತ್ತಿಸಿದರು. ಮಗು ತಮ್ಮ ವಂಶದ್ದು ಎಂದು ಇಟ್ಟುಕೊಂಡರು. ನಮ್ಮವ್ವ ದಾರಿಯುದ್ದಕ್ಕೂ ಅಳುತ್ತಿದ್ದಳು. ಚಿಕ್ಕವ್ವ ಅಳಲಿಲ್ಲ. "ಬೈದ್ರೂ ನೋವಾಗಲ್ಲ ಕಣಕ್ಕ. ನಿದ್ದೆ ಬತ್ತದೆ," ಎಂದಳು. ಎಂದವಳು ನಿದ್ದೆಯನ್ನೇ ಮಾಡಿದಳು.

ಊರಿನಲ್ಲಿ ಗಾಳಿ ಸೋಕಿದೆ ಎಂದರು, ಯಾರೋ ಮದ್ದು ಹಾಕಿದ್ದಾರೆ ಎಂದರು. ನಮ್ಮವ್ವ ಯಾರ ಮಾತಿಗೂ ಕಿವಿಗೊಡದೆ ಅವಳನ್ನು ತುರುವೇಕೆರೆಯ ಲೇಡಿ ಡಾಕ್ಟರ ಹತ್ತಿರ ಕರೆದೊಯ್ದಳು. ಆಕೆ ಚಿಕ್ಕವ್ವನಿಗೆ ಒಂದು ಗುಟುಕು ನೀರು ಕುಡಿಸಿ ಕತ್ತು ಮುಟ್ಟಿ ನೋಡಿದರು. ಹಿಮ್ಮಡಿಯ ಮೇಲಿನ ನರಕ್ಕೆ ರಬ್ಬರಿನ ಸುತ್ತಿಗೆಯಿಂದ ಮೆಲ್ಲಗೆ ಹೊಡೆದರು. ಪಾದ ಎಗರಿತು, ಆದರೆ ಯೋಚನೆ ಮಾಡಿಕೊಂಡು ಬಂದ ಹಾಗೆ ನಿಧಾನವಾಗಿ ಕೆಳಗಿಳಿಯಿತು. ಬೆಂಗಳೂರಿನಲ್ಲಿ ರಕ್ತ ಪರೀಕ್ಷೆಯೂ ಆಯಿತು. ಕತ್ತಿನಲ್ಲಿ ಥೈರಾಯ್ಡ್ ಎಂಬ ಗ್ರಂಥಿ ಇದೆ, ಮೈಯ ಬಿಸಿ, ಚುರುಕು ಎಲ್ಲ ಅದರಿಂದ, ಹೆರಿಗೆಯಾದ ಮೇಲೆ ನಿಮ್ಮದು ಸೋತುಹೋಗಿದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಉಪ್ಪಿನಲ್ಲಿ ಅಯೋಡಿನ್ ಇರಬೇಕು, ಅದು ಸಾಲದೆ ಹೋದರೂ ಈ ಗ್ರಂಥಿ ಊದುತ್ತದೆ, ಸೋಲುತ್ತದೆ. ಆದರೆ ನಿಮಗೆ ಈಗ ಬರೀ ಉಪ್ಪು ಬದಲಾಯಿಸಿದರೆ ಆಗುವುದಿಲ್ಲ, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ಬೇಕು, ಜೀವ ಇರುವವರೆಗೂ ಬೇಕು ಎಂದರು.

ಮಳೆಗಾಲ ಮುಗಿಯುವಷ್ಟರಲ್ಲಿ ಚಿಕ್ಕವ್ವನ ಮುಖ ಇಳಿದು ಹಳೆಯ ಮುಖ ಕಂಡಿತು. ನೆತ್ತಿಯಲ್ಲಿ ಎಳೆಗೂದಲು ಹುಟ್ಟಿತು. ದನಿ ತಿಳಿಯಾಯಿತು. ಇದೆಲ್ಲದರ ಜೊತೆಗೆ ಸಿಟ್ಟೂ ಬಂತು. ಅಲ್ಲಿಯವರೆಗೆ ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣವೂ ಅವಳಿಗಿರಲಿಲ್ಲ. ಅಂಗಳದಲ್ಲಿ ನಡೆಸಿದ್ದು, ಅಣಕಿಸಿದ್ದು, ಎಲ್ಲವೂ ಅವಳಿಗೆ ಆಗಷ್ಟೇ ನಡೆದ ಹಾಗೆ ನೋಯತೊಡಗಿತು. ಬಟ್ಟೆ ಒಗೆಯುವ ಕಲ್ಲಿನ ಮುಂದೆ ನಿಂತು ಒಬ್ಬಳೇ ಮಾತಾಡುತ್ತಿದ್ದಳು. ಅತ್ತೆಗೆ ಹೇಳಬೇಕಾದ ಮಾತುಗಳು... ಬಟ್ಟೆಯ ಏಟಿನ ನಡುವೆ ನನಗೆ ಅಷ್ಟಿಷ್ಟು ಕೇಳುತ್ತಿತ್ತು.

ಮೈ ಸರಿಹೋದ ಮೇಲೆ ಮಗನನ್ನು ಕೇಳಲು ಹೋದಳು. ಅತ್ತೆ ಹೊಸ್ತಿಲ ಮೇಲೆ ಅಡ್ಡ ನಿಂತು ಓಣಿಯವರನ್ನೆಲ್ಲ ಕರೆದಳಂತೆ. ನೋಡಿ, ಈಗ ಹೆಂಗೆ ಓಡಾಡ್ತಾವ್ಳೆ, ನಮ್ಮನೇಲಿ ಇದ್ದಾಗ ಆಡಿದ್ದೆಲ್ಲ ನಾಟಕ ಎಂದಳಂತೆ. ವಾಸಿಯಾದದ್ದೇ ಅವಳ ಮೇಲೆ ಸಾಕ್ಷಿಯಾಯಿತು. ಹುಡುಗ ಅಜ್ಜಿಯ ಸೆರಗಿನ ಹಿಂದಿನಿಂದ ಹೊರಗೆ ಬರಲಿಲ್ಲ. ಅದಾದ ಮೇಲೆ ಗಂಡನಿಗೆ ಇನ್ನೊಂದು ಮದುವೆಯನ್ನೂ ಮಾಡಿದರು.

ವರ್ಷಗಳು ಕಳೆದವು. ಚಿಕ್ಕವ್ವ ನಮ್ಮ ಮನೆಯ ಹಿಂದೆಯೇ ಸಣ್ಣ ಅಟ್ಟ ಕಟ್ಟಿಸಿ, ತೋಟದವರಿಂದ ಕಾಯಿ ಕೊಂಡು ತನ್ನದೇ ಕೊಬ್ಬರಿ ಮಾಡತೊಡಗಿದಳು. ನಾನು ಕಾಲೇಜು ಮುಗಿಸಿದ್ದೆ. ಮಾಯಸಂದ್ರದಲ್ಲಿ ಒಂದು ಮದುವೆ. ಅಲ್ಲಿ ಅವಳ ಅತ್ತೆ ಕಂಡಳು. ಚಪ್ಪರದ ಕೆಳಗೆ ಜನ ಬೆವರು ಒರೆಸಿಕೊಳ್ಳುತ್ತಿದ್ದರೆ ಮುದುಕಿ ಕಂಬಳಿ ಹೊದ್ದು ಕುಳಿತಿದ್ದಳು. ರೆಪ್ಪೆ ಊದಿತ್ತು. ಮಾತು ಗೊಗ್ಗರಾಗಿತ್ತು. ಕೈತುತ್ತು ಬಾಯಿಗೆ ಹೋಗುವ ಮೊದಲೇ ಕಣ್ಣು ಮುಚ್ಚುತ್ತಿತ್ತು. ವಯಸ್ಸಾಯ್ತು, ಅರಳುಮರಳು ಎಂದು ಪಕ್ಕದವರು ಆಡಿಕೊಂಡರು. ಚಿಕ್ಕವ್ವ ಊಟದುದ್ದಕ್ಕೂ ಅವಳನ್ನೇ ನೋಡಿದಳು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಕೈ ಹಿಡಿದು, "ಅವ್ಳಿಗೂ ಅದೇಯ ಕಣೇ," ಎಂದಳು. ಯಾರಿಗೂ ಹೇಳಕೂಡದು ಎಂದಳು. ನಾನು ಹೇಳಲಿಲ್ಲ. ಹೇಳಬೇಕೆಂದು ಅನ್ನಿಸಲೂ ಇಲ್ಲ. ಅವತ್ತು ಇಬ್ಬರೂ ಹಬ್ಬದ ಊಟ ಮಾಡಿದವರ ಹಾಗೆ ಮನೆಗೆ ಬಂದೆವು.

ಮುಂದಿನ ಬೇಸಿಗೆಯಲ್ಲಿ ಆ ಮನೆಯ ಎರಡನೆಯ ಸೊಸೆ ನಮ್ಮ ಮನೆ ಹುಡುಕಿಕೊಂಡು ಬಂದಳು. ಸಣ್ಣ ವಯಸ್ಸು, ಸೋತ ಮುಖ. ಮುದುಕಿ ಹಾಸಿಗೆಯಿಂದ ಏಳುತ್ತಿಲ್ಲ, ಟಾನಿಕ್ಕು ಕುಡಿಸಿದ್ದಾಯಿತು, ಯಾರೋ ಅಂದರೆಂದು ಪಾಕೀಟಿನ ಅಯೋಡಿನ್ ಉಪ್ಪು ತಂದು ಹಾಕಿದ್ದಾಯಿತು, ಯಾವುದೂ ನಾಟಲಿಲ್ಲ ಎಂದಳು. ನಿಮ್ಗೂ ಹಿಂಗೇ ಆಗಿತ್ತಂತಲ್ಲಕ್ಕ, ಯಾವ ಡಾಕ್ಟ್ರು ನೋಡಿದ್ದು ಎಂದು ಕೇಳಿದಳು. ಚಿಕ್ಕವ್ವ ಅವಳಿಗೆ ಮಜ್ಜಿಗೆ ಕೊಟ್ಟಳು. ಆಮೇಲೆ ಹೇಳಿದಳು.

"ಹೇಳ್ತೀನಿ. ಅವ್ಳೇ ಬರ್ಲಿ. ನಿನ್ ಗಂಡನೂ ಬರ್ಲಿ. ನಮ್ ಅಂಗಳದಾಗೆ ಈ ತುದಿಯಿಂದ ಆ ತುದಿಗೆ ನಡೀಲಿ. ನಾನು ಕುಂತು ನೋಡ್ಬೇಕು."

ನಮ್ಮವ್ವ ಬೇಡ ಬುಡು ಎಂದಳು. ಚಿಕ್ಕವ್ವ ಕೇಳಲಿಲ್ಲ. ನಾನಂತೂ ಅವರು ಬರುವ ದಿನ ಅಕ್ಕಪಕ್ಕದ ಮನೆಗಳಿಗೆ ನಾನೇ ಹೋಗಿ ಹೇಳಿ ಬಂದೆ. ಜನ ಇರಬೇಕಿತ್ತು ನಮಗೆ.

ಬಾಡಿಗೆ ಕಾರಿನಲ್ಲಿ ಬಂದರು. ಹುಡುಗನನ್ನು ಕರೆತಂದಿರಲಿಲ್ಲ, ಅವನು ತುಮಕೂರಿನ ಹಾಸ್ಟೆಲಿನಲ್ಲಿದ್ದ. ಗಂಡ ಎನಿಸಿಕೊಂಡವನು ಕಾರಿನ ಬಾಗಿಲು ಹಿಡಿದು ತಲೆ ತಗ್ಗಿಸಿ ನಿಂತ. ಚಿಕ್ಕವ್ವ ಇಳಕಲ್ ಸೀರೆ ಉಟ್ಟು ಜಗಲಿಯ ಮೇಲೆ ಕುಳಿತಿದ್ದಳು. ಮುದುಕಿ ಸೊಸೆಯ ಹೆಗಲು ಹಿಡಿದು ಹೆಜ್ಜೆ ಎಳೆಯುತ್ತ ನಡೆದಳು. ಯಾಕೆ ನಡೆಯುತ್ತಿದ್ದೇನೆಂದು ಅವಳಿಗೆ ಗೊತ್ತಿದ್ದ ಹಾಗೆ ಕಾಣಲಿಲ್ಲ. ಚಿಕ್ಕವ್ವ ಜನರ ಮುಖ ನೋಡಿದಳು. ಯಾರೂ ನಗಲಿಲ್ಲ. ಮುದುಕಿಯನ್ನು ಜಗಲಿಗೆ ಕೂರಿಸಿದರು. ಚಿಕ್ಕವ್ವ ಎದ್ದು ನಿಂತು, ಒಗೆಯುವ ಕಲ್ಲಿನ ಮುಂದೆ ಇಷ್ಟು ವರ್ಷ ಆಡಿದ್ದ ಮಾತನ್ನು ಶುರು ಮಾಡಿದಳು. ಒಂದೆರಡು ಮಾತು ಆಗಿತ್ತೋ ಇಲ್ಲವೋ, ಮುದುಕಿಯ ತಲೆ ಕಂಬಕ್ಕೆ ವಾಲಿತು. ಗೊರಕೆ ಕೇಳಿಸಿತು.

ಚಿಕ್ಕವ್ವನ ಮುಖ ಅವತ್ತು ಹೇಗಾಯಿತೆಂದರೆ... ಕೈಗೆ ಬಂದ ತುತ್ತನ್ನು ಯಾರೋ ಕಿತ್ತುಕೊಂಡ ಹಾಗೆ. ಆಮೇಲೆ ಎರಡನೆಯ ಸೊಸೆಯನ್ನು ಕರೆದು ಡಾಕ್ಟರ ಹೆಸರು, ಮಾತ್ರೆಯ ಹೆಸರು, ರಕ್ತ ಎಲ್ಲಿ ಕೊಡಬೇಕೆಂಬುದು, ಎಲ್ಲ ಹೇಳಿದಳು.

"ಎಚ್ಚರ ಆಗ್ಲಿ ಅವ್ಳಿಗೆ," ಎಂದಳು. "ನಿದ್ದೆ ಮಾಡೋರ್ಗೆ ಹೇಳೋ ಮಾತಲ್ಲ ನಂದು."

ಸಂಕ್ರಾಂತಿ ಕಳೆದ ಮೇಲೆ ಸುದ್ದಿ ಬಂತು, ಮುದುಕಿ ಎದ್ದು ಓಡಾಡುತ್ತಿದ್ದಾಳೆ, ಕೂಲಿಯವರಿಗೆ ಮೊದಲಿನ ಹಾಗೇ ಬೈಯುತ್ತಿದ್ದಾಳೆ ಎಂದು. ಚಿಕ್ಕವ್ವ ನನ್ನನ್ನು ಕರೆದುಕೊಂಡು ಹೊರಟಳು. ಆ ಮನೆಯ ಅಂಗಳದಲ್ಲಿ ಆಳುಗಳು ಚಿಪ್ಪು ಒಡೆಯುತ್ತಿದ್ದರು. ಮುದುಕಿ ಮೊರದಲ್ಲಿ ಕೊಬ್ಬರಿ ಆರಿಸುತ್ತ ಕುಳಿತಿದ್ದಳು. ಕಣ್ಣು ಚೂಪಾಗಿದ್ದವು. ನಮ್ಮನ್ನು ಕಂಡ ಕೂಡಲೇ ಅವಳ ಕೈ ನಿಂತಿತು. ಎಲ್ಲವೂ ನೆನಪಿದೆ ಎಂದು ಆ ಮುಖವೇ ಹೇಳಿತು. ನನಗೆ ಬೇಕಾಗಿದ್ದದ್ದೂ ಅದೇ.

ಉದ್ದದ ಮಾತೆಲ್ಲ ಚಿಕ್ಕವ್ವ ಬಿಟ್ಟುಬಿಟ್ಟಳು. ಆಳುಗಳಿಗೆಲ್ಲ ಕೇಳುವ ಹಾಗೆ, ಬಹುವಚನದಲ್ಲೇ, ಮೆತ್ತಗೆ ಹೇಳಿದಳು.

"ನಂದು ನಾಟಕ ಅಂದ್ರಲ್ಲ ಅತ್ತೆ, ಅದೇ ನಾಟಕದ ಮಾತ್ರೆ ನೀವೀಗ ನುಂಗ್ತಿರೋದು. ಬುಟ್ಬುಟ್ರೆ ಮತ್ತೆ ಎಮ್ಮೆ ಆಗ್ತೀರಿ. ದಿನಾ ಬೆಳಿಗ್ಗೆ ಎದ್ದು, ಖಾಲಿ ಹೊಟ್ಟೇಲಿ, ನನ್ನ ನೆನೆಸ್ಕೊಂಡೇ ನುಂಗ್ಬೇಕು ನೀವು. ಸಾಯೋಗಂಟ."

ಮುದುಕಿ ಮೊರ ಎತ್ತಿಕೊಂಡು ಒಳಗೆ ಹೋದಳು. ಕ್ಷಮೆ ಅವತ್ತೂ ಕೇಳಲಿಲ್ಲ, ಮುಂದೆಂದೂ ಕೇಳಲಿಲ್ಲ. ಆದರೆ ಅವಳು ಮಾತ್ರೆ ನುಂಗುವಾಗ ಯಾರೂ ಎದುರಿಗಿರಬಾರದು, ಗೋಡೆಗೆ ಮುಖ ಮಾಡಿ ನುಂಗುತ್ತಾಳೆ ಎಂದು ಎರಡನೆಯ ಸೊಸೆ ಯಾವುದೋ ಮದುವೆಯಲ್ಲಿ ಸಿಕ್ಕಾಗ ಹೇಳಿದಳು. ಅದನ್ನು ಕೇಳಿ ಚಿಕ್ಕವ್ವ ಆ ರಾತ್ರಿ ತುಂಬ ದಿನಗಳ ಮೇಲೆ ಹಾಡು ಹೇಳಿಕೊಂಡಳು.

ಹೆಚ್ಚು ಕಾಲ ಹಾಡಲಿಲ್ಲ. ಎದೆ ನೋವು ಎಂದವಳು ಆಸ್ಪತ್ರೆ ಮುಟ್ಟುವ ಮೊದಲೇ ಹೋದಳು. ಮುದುಕಿ ಮಾತ್ರ ಆಮೇಲೂ ಬಹಳ ವರ್ಷ ಬದುಕಿದಳು, ಚಿಕ್ಕವ್ವ ಹೇಳಿಕೊಟ್ಟ ಮಾತ್ರೆಯಿಂದ. ಮುದುಕಿಯ ತಿಥಿಗೆ ಹೇಳಿಕಳಿಸಿದ್ದರು. ನಾನು ಹೋಗಲಿಲ್ಲ.

ಚಿಕ್ಕವ್ವನ ಮಗ ಈಗ ತಲೆ ನರೆತ ಗಂಡಸು. ತಾಯಿಯ ಮಣ್ಣಿಗೆ ಬಂದು ಹೋದವನು ಆಮೇಲೆ ವರ್ಷಕ್ಕೊಮ್ಮೆ ನಮ್ಮ ಮನೆಗೆ ಬರುತ್ತಿದ್ದ. ಅದೇ ಹಣೆ, ನಗುವಾಗ ಒಂದೇ ಕೆನ್ನೆಯಲ್ಲಿ ಬೀಳುವ ಅದೇ ಗುಳಿ. ನಾನು ಬಡಿಸುತ್ತ ಆ ಮುಖವನ್ನೇ ನೋಡುತ್ತಿದ್ದೆ. ಕೊನೆಯ ಸಲ ಬಂದವನು ಊಟಕ್ಕೆ ಕುಳಿತು, ಅವ್ವ ಬಿಟ್ಟು ಹೋದ ಮೇಲೆ ಅಜ್ಜಿಯೇ ನನ್ನನ್ನು ಸಾಕಿದ್ದು, ಅಂಥ ಅಜ್ಜಿ ಯಾರಿಗೂ ಸಿಕ್ಕುವುದಿಲ್ಲ ಎಂದ. ಬಿಟ್ಟು ಹೋದ ಮೇಲೆ! ನಾನು ಸಾರಿನ ಪಾತ್ರೆ ಕೆಳಗಿಟ್ಟೆ. ಜವಳದ ದಿನದಿಂದ ಹಿಡಿದು ಎಲ್ಲ ಹೇಳಿದೆ. ನಡೆಸಿದ್ದು, ಅಣಕಿಸಿದ್ದು, ಹೊಸ್ತಿಲಲ್ಲಿ ತಡೆದದ್ದು, ಮಾತ್ರೆ... ಏನೂ ಬಿಡಲಿಲ್ಲ. ಯಾರ್ಯಾರು ನಕ್ಕರೆಂದೂ ಹೇಳಿದೆ. ಅವನು ತುತ್ತು ಕೈಯಲ್ಲೇ ಹಿಡಿದು ಕೇಳಿಸಿಕೊಂಡ. ಆಮೇಲೆ ಎಲೆ ಬಿಟ್ಟು ಎದ್ದು, ಕೈ ತೊಳೆದು, ಬತ್ತೀನಿ ಎನ್ನದೆ ಹೊರಟುಹೋದ.

ಹೇಳಿದ್ದು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಆದರೆ ಅವನು ಮತ್ತೆ ಬಂದಿಲ್ಲ. ಫೋನೂ ಎತ್ತುವುದಿಲ್ಲ. ಚಿಕ್ಕವ್ವನ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಅವಳ ಮುಖ ಅಂತ ಭೂಮಿಯ ಮೇಲೆ ಉಳಿದಿದ್ದದ್ದು ಅವನದೊಂದೇ.