ಪಾಪಣ್ಣನ ಉಪವಾಸ

ಮೀನು ಮಲಗಿದೆಯೋ ಸತ್ತಿದೆಯೋ ಎಂದು ಹೇಳುವುದು ಬಹಳ ಕಷ್ಟ. ಎರಡೂ ಸಂದರ್ಭದಲ್ಲಿ ಅದು ಕಣ್ಣು ಬಿಟ್ಟುಕೊಂಡೇ ಇರುತ್ತದೆ. ದೇವರು ಮೀನಿಗೆ ರೆಪ್ಪೆ ಕೊಟ್ಟಿಲ್ಲ. ಪದವಿಪೂರ್ವ ಕಾಲೇಜಿನಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಹಳಗನ್ನಡ ಪಾಠ ಮಾಡುವ ನನಗೆ ಈ ಬಗೆಯ ನೋಟ ಹೊಸದೇನಲ್ಲ. ಆದರೆ ವಿದ್ಯಾರ್ಥಿಗಳು ಗಂಟೆ ಹೊಡೆದ ತಕ್ಷಣ ಬದುಕಿಕೊಳ್ಳುತ್ತಾರೆ. ಮೀನಿನ ವಿಷಯದಲ್ಲಿ ಆ ಸೌಲಭ್ಯವಿಲ್ಲ. ಹಾಗಾಗಿ ಪಾಪಣ್ಣ ನಮ್ಮ ಮನೆಗೆ ಬಂದ ಹೊಸದರಲ್ಲಿ ನಾವು ಅವನಿಗಾಗಿ ಹಲವು ಸಲ ಅತ್ತು, ಅಷ್ಟೇ ಸಲ ಕಣ್ಣೊರೆಸಿಕೊಂಡು ಸುಸ್ತಾಗಿದ್ದೆವು.

ಪಾಪಣ್ಣ ಎಂದರೆ ನಮ್ಮ ಮನೆಯ ಮೀನು. ಅಂಗಡಿಯವರು ಈ ಜಾತಿಯನ್ನು ಫೈಟರ್ ಅನ್ನುತ್ತಾರೆ, ತಿಳಿದವರು ಬೆಟ್ಟಾ ಅನ್ನುತ್ತಾರೆ. ದೊಡ್ಡಬಳ್ಳಾಪುರದಲ್ಲಿ ಹುಟ್ಟಿ ಬೆಳೆದ ನನಗೆ ಬೆಟ್ಟವೆಂದರೆ ನಂದಿಬೆಟ್ಟ ಒಂದೇ ಆದ್ದರಿಂದ ನಾನು ಫೈಟರ್ ಎಂದೇ ಕರೆಯುತ್ತಿದ್ದೆ. ಗಾಜಿನ ಬೋಗುಣಿಯೊಳಗೆ ಒಂಟಿಯಾಗಿ ಸುತ್ತುತ್ತಿದ್ದ ಅದನ್ನು ಕಂಡು ನಮ್ಮಮ್ಮ, “ಅಯ್ಯೋ, ಜೊತೆಗೆ ಇನ್ನೊಂದು ತರಬಾರದೇನೋ?” ಎಂದರು. ಇನ್ನೊಂದನ್ನು ಬಿಟ್ಟರೆ ಎರಡೂ ಕಚ್ಚಾಡಿ ಸಾಯುತ್ತವಂತೆ ಎಂದೆ. “ಹಂಗಾದ್ರೆ ನಿಮ್ಮ ದೊಡ್ಡಪ್ಪನ ಥರ. ಅವ್ರೂ ಯಾರ ಜೊತೇನೂ ಹೊಂದ್ಕೊಳ್ಳಿಲ್ಲ,” ಎಂದು ನಿಟ್ಟುಸಿರುಬಿಟ್ಟು, ತೀರಿಕೊಂಡ ದೊಡ್ಡಪ್ಪನ ಹೆಸರನ್ನೇ ಅದಕ್ಕಿಟ್ಟರು. ಅಂದಿನಿಂದ ಮೀನಿಗೆ ನಮ್ಮ ಮನೆಯಲ್ಲಿ ಏಕವಚನ ಹೋಗಿ ಹಿರಿತನ ಬಂತು. ನಾನು ಮಾತ್ರ ಅವನು ಇವನು ಎಂದೇ ಅನ್ನುತ್ತೇನೆ. ಯಜಮಾನ ನಾನು ತಾನೆ.

ಅವನನ್ನು ತಂದದ್ದು ನನ್ನ ಆರೋಗ್ಯಕ್ಕಾಗಿ. ನನ್ನ ಬಿಪಿ ಏರಿದಾಗ ನಮ್ಮ ಡಾಕ್ಟರು ಉಪ್ಪು ಕಡಿಮೆ ಮಾಡಿ, ಹೊಟ್ಟೆ ಇಳಿಸಿ, ಮನಸ್ಸು ಶಾಂತವಾಗಿಟ್ಟುಕೊಳ್ಳಿ ಎಂದರು. ಮೊದಲಿನವೆರಡನ್ನು ಕೇಳಿ ನನ್ನ ಮುಖ ಯಾವ ಬಣ್ಣಕ್ಕೆ ತಿರುಗಿತೋ, ಅವರೇ ಕನಿಕರದಿಂದ, “ಒಂದು ಮೀನು ತಂದಿಟ್ಕೊಂಡು ದಿನಾ ಸ್ವಲ್ಪ ಹೊತ್ತು ನೋಡ್ತಾ ಕೂತ್ಕೊಳ್ಳಿ ಮೇಷ್ಟ್ರೇ, ಬಿಪಿ ತಾನಾಗೇ ಇಳಿಯುತ್ತೆ,” ಎಂದರು. ಕೂತುಕೊಂಡು ನೋಡುವುದು! ಇಂಥ ವ್ಯಾಯಾಮಕ್ಕಾಗಿಯೇ ನಾನು ಎಷ್ಟೋ ವರ್ಷಗಳಿಂದ ಕಾದಿದ್ದೆ. ಅಂದು ಸಂಜೆಯೇ ಬಸ್ ನಿಲ್ದಾಣದ ಹಿಂದಿನ ಅಂಗಡಿಯಿಂದ ಪಾಪಣ್ಣನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದುಕೊಂಡು ಬಂದೆ.

ಅವನ ರೂಪವನ್ನು ಮೊದಲು ಮೆಚ್ಚಿದವರು ಪಕ್ಕದ ಮನೆಯ ಮುನಿರಾಜಣ್ಣ. ನಮ್ಮ ಮನೆಗೂ ಅವರ ಮಗ್ಗದ ಶೆಡ್ಡಿಗೂ ಒಂದೇ ಗೋಡೆ. ಅವರು ರೇಷ್ಮೆ ಸೀರೆ ನೇಯುವ ಸದ್ದಿನಲ್ಲೇ ನಾವು ಏಳುವುದು, ಮಲಗುವುದು. ಪಾಪಣ್ಣನ ಮೈ ಕೆಂಪು, ರೆಕ್ಕೆ ನೀಲಿ, ತಿರುಗಿದರೆ ನವಿಲುಬಣ್ಣ. ಮುನಿರಾಜಣ್ಣ ಬೋಗುಣಿಗೆ ಮೂಗು ತಾಗಿಸಿ, “ಎಂಥ ಡಬಲ್ ಶೇಡು ಮೇಷ್ಟ್ರೇ! ನಮ್ಮ ಮಗ್ಗದಾಗೂ ಬಂದಿಲ್ಲ ಇದು,” ಎಂದು ಸೆರಗಿಗೆ ಬೇಕಾಗುತ್ತದೆಂದು ಫೋಟೋ ತೆಗೆದುಕೊಂಡರು. ಅಂದಿನಿಂದ ಅವರಿಗೆ ದಿನಕ್ಕೊಂದು ಸಲವಾದರೂ ಪಾಪಣ್ಣನ ದರ್ಶನವಾಗಲೇಬೇಕು.

ಕಾಯಿಲೆಯ ಮೊದಲ ಗುಮಾನಿ ಹುಟ್ಟಿಸಿದವರೂ ಅವರೇ. ಒಂದು ಬೆಳಿಗ್ಗೆ ನೀರಿನ ಮೇಲೆಲ್ಲ ಬಿಳಿ ನೊರೆ ಕಟ್ಟಿತ್ತು. “ಬಾಯಾಗೆ ನೊರೆ ಬಂದೈತೆ ಅಂದ್ರೆ ಏನೋ ಕುಡ್ಕಂಡೈತೆ ಮೇಷ್ಟ್ರೇ. ಮನೇಲೇನಾದ್ರೂ ಮಾತು ಬಂದಿತ್ತಾ?” ಎಂದು ಪಿಸುಗುಟ್ಟಿದರು. ಅಮ್ಮ ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ನಾನು ಫೋನು ಹಿಡಿದು ಓದತೊಡಗಿದೆ. ಓದಿದರೆ, ಅದು ಕಾಯಿಲೆಯೇ ಅಲ್ಲ. ಮೈ ಚೆನ್ನಾಗಿದ್ದು ಮನಸ್ಸು ಖುಷಿಯಾಗಿದ್ದರೆ ಗಂಡು ಫೈಟರ್, ಮುಂದೆ ಬರಬಹುದಾದ ಹೆಂಡತಿಗಾಗಿ ಗುಳ್ಳೆಗಳ ಗೂಡು ಕಟ್ಟುತ್ತದಂತೆ. ಇದನ್ನು ಗಟ್ಟಿಯಾಗಿ ಓದಬಾರದಿತ್ತು. ನನ್ನ ಹೆಂಡತಿ ಸುಮಿತ್ರ ಅಡುಗೆಮನೆಯಿಂದಲೇ, “ನೋಡ್ರೀ, ಹೆಂಡ್ತಿ ಬರೋಕೆ ಮುಂಚೆನೇ ಮನೆ ಕಟ್ತಿದಾರೆ ದೊಡ್ಡಪ್ಪ. ನಾವಿನ್ನೂ ಬಾಡಿಗೆ ಮನೇಲೇ ಇದೀವಿ,” ಎಂದಳು. ಬಿಪಿ ಸ್ವಲ್ಪ ಏರಿತು.

ನಿಜವಾದ ಕಾಯಿಲೆ ಬಂದದ್ದು ಚಳಿಗಾಲದಲ್ಲಿ. ಪಾಪಣ್ಣನ ಹೊಟ್ಟೆ ಗುಂಡಗಾಯಿತು. ಆಮೇಲೆ ಅವನು ಎಡಕ್ಕೆ ವಾಲಿದ. ಆಮೇಲೆ ಪೂರ್ತಿ ಮಗ್ಗುಲಾಗಿ, ನೀರಿನ ಮೇಲ್ಭಾಗದಲ್ಲಿ ತೇಲುತ್ತ, ಕೆಳಗಿಳಿಯಲು ಒದ್ದಾಡಿ, ಆಗದೆ ಮತ್ತೆ ಮೇಲಕ್ಕೇ ಬಂದ. ನಾನು ಮತ್ತೆ ಫೋನು ಹಿಡಿದೆ. ಫೈಟರ್ ಮೀನಿನ ಕಾಯಿಲೆಗಳು ಒಂದೆರಡಲ್ಲ ಮಾರಾಯರೇ. ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆ ಬಂದರೆ ಒಂದು. ರೆಕ್ಕೆಯ ಅಂಚು ಕರಗಿ ಹರಿದ ಸೀರೆಯಂತಾದರೆ ಇನ್ನೊಂದು. ಹುರುಪೆಗಳೆಲ್ಲ ಎದ್ದು ನಿಂತರೆ ಅದು ಕೈಮೀರಿದ್ದು. ಬ್ಯಾಟರಿ ಬಿಟ್ಟು ನೋಡಿದೆ. ಚುಕ್ಕೆಯಿಲ್ಲ, ರೆಕ್ಕೆ ಹರಿದಿಲ್ಲ, ಹುರುಪೆ ಎದ್ದಿಲ್ಲ. ಕೊನೆಗೆ ಒಂದು ಕಡೆ ಸರಿಯಾದ ವಿವರಣೆ ಸಿಕ್ಕಿತು: “ಉಬ್ಬಿದ ಹೊಟ್ಟೆ. ಆಲಸ್ಯ. ಬಹಳ ಹೊತ್ತು ಒಂದೇ ಮಗ್ಗುಲಲ್ಲಿ ಬಿದ್ದಿರುವುದು. ಆಹಾರ ಕಂಡಾಗ ಮಾತ್ರ ಚಟುವಟಿಕೆ.”

“ಇದು ಮೀನಿಂದಾ, ನಿಮ್ದಾ?” ಎಂದಳು ಸುಮಿತ್ರ.

ಮುನಿರಾಜಣ್ಣನಿಗೆ ಮಾತ್ರ ತಪ್ಪು ತಮ್ಮದೇ ಎಂಬ ಕೊರಗು. ಮಗ್ಗದ ಅದುರಾಟಕ್ಕೆ ಮೀನಿಗೆ ತಲೆಸುತ್ತು ಬಂದಿರಬೇಕೆಂದು ಅವರು ಒಂದು ಮಧ್ಯಾಹ್ನ ಮಗ್ಗಗಳನ್ನೆಲ್ಲ ನಿಲ್ಲಿಸಿಬಿಟ್ಟರು. ಆಗ ಆದ ಅನಾಹುತವನ್ನು ಏನೆಂದು ಹೇಳಲಿ! ಹುಟ್ಟಿದಾಗಿನಿಂದ ಆ ಖಟಖಟದಲ್ಲೇ ನಿದ್ದೆ ಮಾಡಿದ ಬೀದಿ ನಮ್ಮದು. ಸದ್ದು ನಿಂತ ಕೂಡಲೇ ಮಧ್ಯಾಹ್ನದ ನಿದ್ದೆಯಲ್ಲಿದ್ದವರೆಲ್ಲ ಗಾಬರಿಯಿಂದ ಎದ್ದು ಬಾಗಿಲಿಗೆ ಬಂದರು. ತೊಟ್ಟಿಲ ಕೂಸುಗಳು ಅತ್ತವು. ಯಾರೋ ಹೋಗಿಬಿಟ್ಟರು ಎಂದೇ ಎಲ್ಲರ ಊಹೆ. ಯಾರೂ ಇಲ್ಲ, ಮೇಷ್ಟ್ರ ಮನೆ ಪಾಪಣ್ಣನಿಗೆ ಹುಷಾರಿಲ್ಲ ಎಂದು ಮುನಿರಾಜಣ್ಣ ಸಾರಿದರು. ಸಂಜೆಯೊಳಗೆ ಜನ ಬ್ರೆಡ್ಡು, ಬಾಳೆಹಣ್ಣು ಹಿಡಿದುಕೊಂಡು ನೋಡಲು ಬಂದರು. ಪಾಪಣ್ಣ ಹಾಗೇ ಓರೆಯಾಗಿ ತೇಲುತ್ತಿದ್ದ. ಮಗ್ಗ ಮತ್ತೆ ಶುರುವಾಯಿತು, ಬೀದಿ ಮಲಗಿತು.

ಮರುದಿನ ಕಾಲೇಜಿಗೆ “ಮನೆಯಲ್ಲಿ ಹುಷಾರಿಲ್ಲ” ಎಂದು ರಜೆ ಹೇಳಿ, ಪಾಪಣ್ಣನನ್ನು ಉಪ್ಪಿನಕಾಯಿಯ ಗಾಜಿನ ಜಾಡಿಯಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋದೆ. ಅಲ್ಲಿ ನನ್ನ ಎಡಕ್ಕೆ ಒಂದು ಸೀಮೆಹಸು, ಬಲಕ್ಕೆ ಮೇಕೆ. ಹಸುವಿನ ಹಗ್ಗ ಹಿಡಿದಿದ್ದ ತೂಬಗೆರೆ ಕಡೆಯ ಹೆಂಗಸು ಜಾಡಿಯನ್ನು ಬಹಳ ಹೊತ್ತು ನೋಡಿ ಕೇಳಿದಳು:

“ಏನಣ್ಣಾ ಕೊಡ್ತೈತೆ ಇದು?”

“ಏನೂ ಕೊಡಲ್ಲಮ್ಮ.”

“ತಿನ್ನಾಕಾ?”

“ಛೆ ಛೆ, ಇಲ್ಲ. ನೋಡೋದಕ್ಕೆ.”

ಅವಳು ಹಸುವಿನ ಕಡೆ ತಿರುಗಿ ಅದರ ಬೆನ್ನು ಸವರಿದಳು. ಹಾಲು ಕೊಡುವ ಪ್ರಾಣಿಯ ಮುಂದೆ ಇಷ್ಟು ಸಣ್ಣವನಾಗಿ ನಾನು ಎಂದೂ ನಿಂತಿರಲಿಲ್ಲ.

ಪಶುವೈದ್ಯೆ ವಯಸ್ಸಿನಲ್ಲಿ ಚಿಕ್ಕವರು, ನಗುಮುಖದವರು. “ಸಾರ್, ನನ್ನ ಸೂಜಿಗಿಂತ ನಿಮ್ಮ ಪೇಷಂಟೇ ಚಿಕ್ಕದು,” ಎನ್ನುತ್ತ ಜಾಡಿಗೆ ಫೋನಿನ ಬೆಳಕು ಹಿಡಿದು ನೋಡಿದರು. “ಹೊಟ್ಟೆ ಕಟ್ಟಿದೆ. ತಿಂದಿದ್ದು ಆಚೆ ಹೋಗ್ತಿಲ್ಲ. ಏನು ಹಾಕ್ತೀರಿ?”

“ಬೆಳಿಗ್ಗೆ ಎರಡು ಕಾಳು, ಅಷ್ಟೆ.”

“ಅಷ್ಟಕ್ಕೆ ಹೀಗಾಗಲ್ಲ. ಇದರ ಹೊಟ್ಟೆ ಇದರ ಕಣ್ಣಿನಷ್ಟೇ ಇರೋದು ಸಾರ್. ಮನೇಲಿ ಸರಿಯಾಗಿ ವಿಚಾರಿಸಿ. ಎರಡು ಮೂರು ದಿನ ಏನೇನೂ ಹಾಕಬೇಡಿ, ಬೆಚ್ಚಗಿಡಿ, ನೀರು ಚೊಕ್ಕಟವಾಗಿರ್ಲಿ. ಆಚೆ ಹೋದ್ರೆ ಬದುಕುತ್ತೆ.”

ಮನೆಗೆ ಬಂದು ವಿಚಾರಣೆ ನಡೆಸಿದೆ. ಸುಮಿತ್ರ ದೀಪ ಹಚ್ಚಿದ ಮೇಲೆ ಒಂದು ಚಿಟಿಕೆ ಹಾಕುತ್ತಿದ್ದಳಂತೆ. ಅಮ್ಮ ತಾವು ತಟ್ಟೆಗೆ ಕೈಯಿಡುವ ಮುಂಚೆ ಒಂದಗುಳು ಅನ್ನ, ಮುದ್ದೆಯ ದಿನವಾದರೆ ಸಾಸಿವೆಯಷ್ಟು ಮುದ್ದೆ. “ನಾನೇನ್ ಹಾಕಿಲ್ಲಪ್ಪ ದೇವ್ರಾಣೆ,” ಎಂದರು ಮುನಿರಾಜಣ್ಣ. “ಕಾಫಿ ಕುಡಿವಾಗ ಬಿಸ್ಕತ್ ಚೂರು ಅಷ್ಟೆ. ಅದೂ ಮೆತ್ತಗಾಗ್ಲಿ ಅಂತ ಅದ್ದಿ.” ಎಲ್ಲರೂ ನನ್ನ ಕಡೆ ನೋಡಿದರು. ಟಿವಿ ನೋಡುತ್ತ ಚಕ್ಕುಲಿ ತಿನ್ನುವಾಗ ನನ್ನ ಕೈಯಿಂದಲೂ ಒಂದೊಂದು ಚೂರು ಆ ಕಡೆ ಹೋಗುತ್ತಿದ್ದದ್ದು ನಿಜ.

ಯಾಕೆ ಹೀಗೆ ಎಂದರೆ ನಿಮಗೂ ಗೊತ್ತಿರಬೇಕು. ನೋಡುತ್ತಿರುವ ಜೀವದ ಎದುರಿಗೆ ಕೊಡದೆ ತಿಂದರೆ ತಿಂದವರಿಗೆ ಹೊಟ್ಟೆನೋವು ಬರುತ್ತದೆ. ಇದನ್ನು ನಮಗೆ ಯಾರೂ ಕಲಿಸಿಲ್ಲ. ಮುದ್ದೆ ನುಂಗುವುದನ್ನು ಕಲಿತಾಗಲೇ ಇದೂ ಒಳಗೆ ಹೋಗಿದೆ. ನಾಯಿ ನೋಡಿದರೆ ಒಂದು ತುತ್ತು, ಬೆಕ್ಕು ನೋಡಿದರೆ ಒಂದು ತುತ್ತು. ಅವಾದರೂ ಹೊಟ್ಟೆ ತುಂಬಿದ ಮೇಲೆ ಕಣ್ಣು ಮುಚ್ಚಿ ಮಲಗುತ್ತವೆ. ರೆಪ್ಪೆಯೇ ಇಲ್ಲದ ಪ್ರಾಣಿ ಏನು ಮಾಡಬೇಕು? ಬಿಸಿಲು ಬೀಳದ, ಮಗ್ಗದ ಗೋಡೆಗೆ ಸೇರದ ಜಾಗವೆಂದು ನಾನೇ ಬೋಗುಣಿಯನ್ನು ಊಟದ ಮೇಜಿನೆದುರು ಇಟ್ಟಿದ್ದೆ. ಯಾರ ಕೈ ಬಾಯಿಗೆ ಹೋದರೂ ಪಾಪಣ್ಣ ಗಾಜಿಗೆ ಬಂದು ನಿಂತು ನೋಡುತ್ತಿದ್ದ. ನಾವೆಲ್ಲ ನಮ್ಮ ನಮ್ಮ ಹೊಟ್ಟೆನೋವಿಗೆ ಹೆದರಿ, ಅದನ್ನೆಲ್ಲ ಸೇರಿಸಿ ಅವನೊಬ್ಬನ ಹೊಟ್ಟೆಗೆ ಹಾಕಿದ್ದೆವು.

ಪುರಾಣದಲ್ಲಿ ಮನುವಿನ ಬೊಗಸೆಗೆ ಬಂದ ಮೀನು ಕಮಂಡಲು ಹಿಡಿಸದಷ್ಟು ಬೆಳೆಯಿತು, ಕೊಳ ಹಿಡಿಸದಷ್ಟು ಬೆಳೆಯಿತು, ಕೊನೆಗೆ ಸಮುದ್ರಕ್ಕೇ ಬಿಡಬೇಕಾಯಿತು ಎಂದು ನಾನು ತರಗತಿಯಲ್ಲಿ ಭಕ್ತಿಯಿಂದ ಹೇಳುತ್ತೇನೆ. ಆ ಮನೆಯಲ್ಲೂ ಯಾರ್ಯಾರು ಏನೇನು ಹಾಕುತ್ತಿದ್ದರೋ ಎಂದು ಈಗ ಅನುಮಾನ ಬರುತ್ತದೆ. ಇನ್ನು ನಮ್ಮೂರಿನ ಪಕ್ಕದ ರಾಜಘಟ್ಟದಲ್ಲಿ ನೆಲ ಅಗೆದಾಗ ಬೌದ್ಧರ ವಿಹಾರ ಸಿಕ್ಕಿತು. ಹೊತ್ತು ನೆತ್ತಿಗೇರಿದ ಮೇಲೆ ಏನೂ ತಿನ್ನದ ಭಿಕ್ಷುಗಳು ಅಷ್ಟು ಹತ್ತಿರದಲ್ಲೇ ಬಾಳಿದ್ದರು. ಆ ಸುದ್ದಿ ನಮ್ಮ ಬೀದಿಗೆ ಇನ್ನೂ ತಲುಪಿಲ್ಲ.

ಲಂಘನಂ ಪರಮೌಷಧಂ ಎಂದು ಹೇಳಿಬಿಡುವುದು ಸುಲಭ. ಆದರೆ ಉಪವಾಸವಿರುವ ಹಿರಿಯರ ಎದುರು ಹುಳಿ ಅನ್ನ ಕಲಸುವುದು ಹೇಗೆ? ಬೋಗುಣಿಗೆ ಬಟ್ಟೆ ಮುಚ್ಚೋಣವೆಂದೆ. “ಹುಷಾರಿಲ್ದೋರ ಮುಖಕ್ಕೆ ಬಟ್ಟೆ ಮುಚ್ತಾರೇನೋ? ಬಿಡ್ತು ಅನ್ನು!” ಎಂದು ಅಮ್ಮ ಗದರಿ, ಬೆಚ್ಚಗಿರಲೆಂದು ನನ್ನ ಮಂಕಿ ಕ್ಯಾಪನ್ನು ಬೋಗುಣಿಗೆ ತೊಡಿಸಿದರು. ಟೊಪ್ಪಿಯಲ್ಲಿ ಮುಖಕ್ಕೆಂದು ಬಿಟ್ಟಿರುವ ಕಿಂಡಿಯಿಂದ ಪಾಪಣ್ಣ ಮೊದಲಿಗಿಂತ ತೀಕ್ಷ್ಣವಾಗಿ ನೋಡತೊಡಗಿದ. ಬೇರೆ ದಾರಿಯಿಲ್ಲದೆ ನಾವೇ ಆಚೆ ಹೋದೆವು. ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ, ಚಳಿಯಲ್ಲಿ, ಕಳ್ಳರ ಹಾಗೆ ನಿಂತುಕೊಂಡೇ ಎರಡು ತುತ್ತು ತಿಂದು ಒಳಗೆ ಬರುವ ಮುಂಚೆ ಬಾಯಿ ಒರೆಸಿಕೊಳ್ಳುತ್ತಿದ್ದೆವು. ನಿಂತು ತಿನ್ನುವಾಗ ಯಾರೂ ಇನ್ನೊಂದು ಸೌಟು ಬಡಿಸುವುದಿಲ್ಲ. ಚಕ್ಕುಲಿ ಡಬ್ಬ ಅಟ್ಟ ಸೇರಿತು. ಮುನಿರಾಜಣ್ಣ ಕಾಫಿಯನ್ನು ಗೇಟಿನ ಹೊರಗೇ ಕುಡಿದು ಒಳಗೆ ಬರುತ್ತಿದ್ದರು.

ಎರಡನೆಯ ದಿನ ಪಾಪಣ್ಣ ಗಾಜಿನ ಹತ್ತಿರ ಬರುವುದನ್ನೂ ಬಿಟ್ಟ. ನೀರಿನ ಮೇಲೆ ಓರೆಯಾಗಿ ಬಿದ್ದುಕೊಂಡು, ಆಗಾಗ ಬಾಯಿ ಮೇಲೆತ್ತಿ ಒಂದು ಗುಟುಕು ಗಾಳಿ ಎಳೆದುಕೊಳ್ಳುತ್ತಿದ್ದ. ಈ ಜಾತಿಯ ಮೀನಿಗೆ ನೀರೊಳಗಿನ ಉಸಿರಷ್ಟೇ ಸಾಲದು, ನಮ್ಮ ಗಾಳಿಯೂ ಬೇಕು. ನಾನು ಎದುರಿಗೆ ಕೂತು ಆ ಗುಟುಕುಗಳನ್ನು ಕಾಯುತ್ತಿದ್ದೆ. ಒಂದು ತಡವಾದರೆ ನನ್ನ ಉಸಿರೂ ನಿಲ್ಲುತ್ತಿತ್ತು. ನಗಬೇಡಿ. ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಜೀವ, ಹಾಲು ಕೊಡದ, ಕರೆದರೆ ಬಾಲ ಆಡಿಸದ ಜೀವ. ಅದು ಹೋಗಿಬಿಟ್ಟರೆ ಈ ಮನೆ ಹೇಗಿರುತ್ತದೆ ಎಂದು ಯೋಚಿಸಲು ನನಗೆ ಧೈರ್ಯವಾಗಲಿಲ್ಲ. ಸುಮಿತ್ರ ಬಂದು ಪಕ್ಕದಲ್ಲಿ ಕೂತಳು. ಹಾಸ್ಯ ಮಾಡಲಿಲ್ಲ.

ಮಾರನೆಯ ಬೆಳಿಗ್ಗೆ ಅಮ್ಮನ ಕೂಗಿಗೆ ಮನೆಯೆಲ್ಲ ಎದ್ದಿತು. “ಆಯ್ತು ಕಣ್ರೋ! ಪಾಪಣ್ಣಂಗೆ ಆಯ್ತು!” ಓಡಿಹೋಗಿ ನೋಡಿದರೆ, ಬೋಗುಣಿಯ ತಳದಲ್ಲಿ ಕಪ್ಪು ದಾರದಂಥ ಒಂದು ಸಣ್ಣ ಎಳೆ. ಮೇಲೆ, ಸ್ವಲ್ಪ ವಾಲಿದ್ದರೂ ಸ್ವಂತ ಬಲದಿಂದ ಈಜುತ್ತಿದ್ದ ಪಾಪಣ್ಣ. ಮುನಿರಾಜಣ್ಣ ಮಗ್ಗ ಬಿಟ್ಟು ಬಂದು ಆ ಎಳೆಯನ್ನು ನೇಕಾರನ ಕಣ್ಣಿನಿಂದ ಪರೀಕ್ಷಿಸಿ, “ಒಳ್ಳೆ ಉದ್ದಕ್ಕೇ ಬಂದೈತೆ,” ಎಂದು ಸರ್ಟಿಫಿಕೇಟು ಕೊಟ್ಟರು. ಅಂಗಡಿಗೆ ಓಡಿ ಮೈಸೂರುಪಾಕು ತಂದು ಎಲ್ಲರಿಗೂ ಹಂಚಿದರು. ಹಂಚಿ, ಆ ಸಂತೋಷದಲ್ಲೇ ಒಂದು ಚೂರು ಮುರಿದು ಬೋಗುಣಿಯ ಕಡೆ ಕೈ ಚಾಚಿದರು. ಸುಮಿತ್ರ ಕಿರುಚಿದ ರಭಸಕ್ಕೆ ಮೈಸೂರುಪಾಕು ನೆಲಕ್ಕೆ ಬಿತ್ತು. ಅಂದೇ ಅವಳು ಹಳೆಯ ಕ್ಯಾಲೆಂಡರಿನ ರಟ್ಟು ಕತ್ತರಿಸಿ ದಪ್ಪಕ್ಷರದಲ್ಲಿ ಬರೆದು ಬೋಗುಣಿಗೆ ನೇತುಹಾಕಿದಳು: “ಇವರ ಊಟ ಆಗಿದೆ. ದಯವಿಟ್ಟು ಬಲವಂತ ಮಾಡಬೇಡಿ.”

ಪಾಪಣ್ಣ ಈಗಲೂ ಚೂರು ಎಡಕ್ಕೆ ವಾಲಿಯೇ ಈಜುತ್ತಾನೆ. ಮತ್ತೆ ನೊರೆಯ ಮನೆ ಕಟ್ಟಲು ಶುರುಮಾಡಿದ್ದಾನೆ. ನಾವು ಊಟಕ್ಕೆ ಒಳಗೆ ವಾಪಸ್ಸು ಬಂದೆವು, ಆದರೆ ಆ ನೋಟದ ಎದುರು ಕೊಡದೆ ಎರಡನೆಯ ಸಲ ಬಡಿಸಿಕೊಳ್ಳಲು ಇನ್ನೂ ಯಾರಿಗೂ ಕೈ ಬರುವುದಿಲ್ಲ. ಚಕ್ಕುಲಿ ಡಬ್ಬ ಅಟ್ಟದಲ್ಲೇ ಇದೆ.

ಮೊನ್ನೆ ನಮ್ಮ ಡಾಕ್ಟರ ಬಳಿ ಹೋಗಿದ್ದೆ. ಅವರು ಬಿಪಿ ನೋಡಿ ಹುಬ್ಬೇರಿಸಿದರು. ತೂಕ ನೋಡಿ ಇನ್ನೂ ಏರಿಸಿದರು.

“ನಾನು ಹೇಳಿರ್ಲಿಲ್ವಾ ಮೇಷ್ಟ್ರೇ? ನೋಡಿ, ಹೇಗೆ ಇಳಿದಿದೆ. ದಿನಾ ಮೀನು ನೋಡಿದ್ರಿ, ಅದಕ್ಕೇ!”

“ಇಲ್ಲ ಸಾರ್,” ಎಂದೆ, “ದಿನಾ ಮೀನೇ ನಮ್ಮನ್ನ ನೋಡ್ತು, ಅದಕ್ಕೇ.”

ಡಾಕ್ಟರು ಒಂದು ಗಳಿಗೆ ನನ್ನ ಕಣ್ಣನ್ನೇ ದಿಟ್ಟಿಸಿದರು. ಆಮೇಲೆ, ಬಿಚ್ಚಿಟ್ಟಿದ್ದ ಬಿಪಿ ಪಟ್ಟಿಯನ್ನು ನನ್ನ ತೋಳಿಗೆ ಮತ್ತೊಮ್ಮೆ ಸುತ್ತಿದರು.