ಕೆಲೆರ ಕೇಳಿದ ಆಡುಗಳು

ನಮ್ಮೂರಿನ ಎದುರಿಗೆ ಸಮುದ್ರದಲ್ಲಿರುವ ಪುಟ್ಟ ದ್ವೀಪದ ಕಾಡಿನಲ್ಲಿ ವೋಕಾಯ್ ಇದೆ. ಮರದ ಮೇಲೆ ಎಲೆ, ಹೂವು ತಿಂದು ಬದುಕುವ ಹಸಿರು ಬಣ್ಣದ ದೊಡ್ಡ ಹಲ್ಲಿ. ಫಿಜಿಯ ಇಂಥ ಕೆಲವೇ ದ್ವೀಪಗಳನ್ನು ಬಿಟ್ಟರೆ ಅದು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಅದನ್ನು ಈ ಗತಿಗೆ ತಂದವರು ಪರದೇಶಿಗಳಲ್ಲ, ನಾವೇ. ಕಾಯುವ ಕೆಲಸ ತಪ್ಪಲೆಂದು ಅಲ್ಲಿ ಆಡು ಬಿಟ್ಟೆವು. ಆಡುಗಳು ಒಂದು ಸಸಿಯನ್ನೂ ಮೇಲೇಳಲು ಬಿಡಲಿಲ್ಲ.

ಊರವರೊಡನೆ ಜಗಳವಾಡಿ ಆಡುಗಳನ್ನು ಅಲ್ಲಿಂದ ತೆಗೆಸಿದವಳು ನನ್ನ ನೆರೆಮನೆಯ ಕೆಲೆರ. ಚಾಪೆ ಹೆಣೆಯುತ್ತಾಳೆ, ಬಾಯಿ ಜೋರು. ವೋಕಾಯ್ ಕಂಡರೆ ನಾವು ಹೆಂಗಸರೆಲ್ಲ ಕಿರುಚಿ ಓಡುತ್ತೇವೆ, ಅವಳೂ ಅಷ್ಟೇ.

"ಮುಟ್ಟು ಅಂತ ಮಾತ್ರ ಹೇಳ್ಬೇಡ ಮಾರಾಯ್ತಿ. ಅದು ಮರದ ಮೇಲಿರ್ಲಿ, ನಾನು ಕೆಳಗಿರ್ತೀನಿ," ಎನ್ನುತ್ತಿದ್ದಳು.

ದೋಣಿಯಲ್ಲಿ ನೀರು ಸಾಗಿಸಿ ಕಾಡುದಾಸವಾಳದ ಸಸಿಗಳನ್ನು ಬೆಳೆಸಿದೆವು. ಪಂಜರದಲ್ಲಿ ಹುಟ್ಟಿದ ವೋಕಾಯ್ ಮರಿಗಳನ್ನು ವನ್ಯಜೀವಿ ಇಲಾಖೆಯವರು ಹೋದ ವರ್ಷ ಅಲ್ಲಿ ಬಿಟ್ಟರು. ಅಷ್ಟರಲ್ಲಿ ಊರ ಮುಖ್ಯಸ್ಥ ಸೈರುಸಿ ಯಾರಿಗೂ ಹೇಳದೆ ಮತ್ತೆ ಆಡುಗಳನ್ನು ಇಳಿಸಿದ. ಅವನು ಕೆಲೆರಳ ಸೋದರಮಾವ. ತೀರಿಕೊಂಡ ಹೆಂಡತಿಯ ನೂರನೇ ದಿನದ ಊಟಕ್ಕೆ ಅವು ಕೊಬ್ಬಬೇಕಿತ್ತು.

"ಊಟದ ತನಕ ಮೇಯ್ಲಿ ಬಿಡೇ," ಎಂದ, ಕೇಳಲು ಹೋದ ಕೆಲೆರಳಿಗೆ. "ನಿಮ್ಮತ್ತೆಗಿಂತ ಹಲ್ಲಿ ಹೆಚ್ಚಾಯ್ತಾ?"

"ಅತ್ತೆ ಹೆಸರು ಎತ್ಬೇಡ ಮಾವ. ಆ ಸಸಿಗಳಿಗೆ ನನ್ನ ಜೊತೆ ನೀರು ಹೊತ್ತೋಳು ಅವಳು."

ಸೈರುಸಿ ನಕ್ಕ. ನನಗೆ ಮೈಯೆಲ್ಲ ಉರಿಯಿತು. ಸತ್ತವಳ ಹೆಸರಿನಲ್ಲಿ ಸತ್ತವಳು ಬೆಳೆಸಿದ್ದನ್ನೇ ಮೇಯಿಸುವುದಕ್ಕೆ ಎಂಥ ಮನಸ್ಸು ಬೇಕು!

ನಮ್ಮಲ್ಲಿ ಅಕ್ಕತಂಗಿಯರ ಮಕ್ಕಳು ಏನು ಕೇಳಿದರೂ ಸೋದರಮಾವ ಇಲ್ಲ ಎನ್ನುವಂತಿಲ್ಲ. ಅಂಥ ಮಕ್ಕಳನ್ನು ವಾಸು ಎನ್ನುತ್ತೇವೆ. ಕೆಲೆರ ಹುಟ್ಟಿದಾಗಿನಿಂದ ಮಾವನಲ್ಲಿ ಒಂದು ಕೋಳಿಮೊಟ್ಟೆಯನ್ನೂ ಕೇಳಿರಲಿಲ್ಲ. ಅವಳಿಗೂ ಆ ಹಕ್ಕಿದೆ ಎಂಬುದು ಸೈರುಸಿಗೆ ಮರೆತೇಹೋಗಿತ್ತು.

ಊರಸಭೆ ತುಂಬಿದ್ದಾಗ ಅವಳು ಬಂದು ಚಾಪೆಯ ಮೇಲೆ ಕೂತಳು. ಹಿರಿಯರಲ್ಲಿ ಏನನ್ನಾದರೂ ಕೇಳುವ ಮುನ್ನ ತಟ್ಟುವಂತೆ ಬೊಗಸೆಗೈಯಲ್ಲಿ ಚಪ್ಪಾಳೆ ತಟ್ಟಿದಳು.

"ಮಾವ, ನಾನು ನಿನ್ನ ವಾಸು. ದ್ವೀಪದಲ್ಲಿರೋ ಆಡು ನಂಗೆ ಬೇಕು."

"ಎಲ್ಲಾನಾ?"

"ಮರೀನೂ ಬಿಡಲ್ಲ."

ಸೈರುಸಿಯ ಮುಖ ಕಪ್ಪಿಟ್ಟಿತು. ಇಲ್ಲ ಎಂದರೆ ಊರೆದುರು ಅವನ ಮಾನ ಹೋಗುತ್ತಿತ್ತು. "ತಗೊಂಡು ಹೋಗು," ಎಂದ.

ಅಣ್ಣಂದಿರ ಜೊತೆ ಬಲೆ ಹಾಕಿ ಹಿಡಿದು ಎಲ್ಲವನ್ನೂ ಆಚೆ ಊರಿಗೆ ಕೊಟ್ಟುಬಿಟ್ಟಳು. ಅಷ್ಟರಲ್ಲಿ ಅರ್ಧ ಸಸಿಗಳು ಹೋಗಿದ್ದವು. ನೂರನೇ ದಿನ ಊರಿಗೆ ಡಬ್ಬಿ ಮೀನು, ಮರಗೆಣಸು. ಅತ್ತೆಯ ಊಟ ಕಸಿದವಳು ಎಂದು ಬಾಯಿಗೆ ಬಂದಂತೆ ಬೈದರು. ಸಸಿ ತಿಂದಾಗ ತುಟಿ ಬಿಚ್ಚದ ಬಾಯಿಗಳೇ ಅವು!

ಊಟ ಮುಗಿದ ಮೇಲೆ ಸೈರುಸಿ ಎಲ್ಲರೆದುರು ಅವಳನ್ನು ತಡೆದ.

"ಬೇಕಾದ್ದು ತಗೊಂಡ್ಯಲ್ಲ? ಇನ್ನು ನನ್ನ ಸಾವಿಗೂ ಬರ್ಬೇಡ."

ಕೆಲೆರ ಕಣ್ಣೊರೆಸಿಕೊಳ್ಳಲಿಲ್ಲ. "ಬರ್ತೀನಿ ಮಾವ. ಅಳೋದೂ ನನ್ನ ಹಕ್ಕೇ. ಅದಕ್ಕೂ ನೀನು ಇಲ್ಲ ಅನ್ನೋ ಹಾಗಿಲ್ಲ."