ಮುತ್ಯಾಲಮ್ಮನ ಹಿತ್ತಲ ಕಾವಲು

ರಾಜಘಟ್ಟದ ಮುತ್ಯಾಲಮ್ಮನಿಗೆ ತಾನಾಗಿ ನಡೆಯುವ ಯಾವುದರ ಮೇಲೂ ನಂಬಿಕೆಯಿಲ್ಲ. ಕುಕ್ಕರ್ ಎಷ್ಟು ಕೂಗಿದರೂ ಅನ್ನ ಹಿಸುಕಿ ನೋಡಲೇಬೇಕು. ಕಳೆ ಬರದಿರಲಿ, ತೇವ ಆರದಿರಲಿ ಎಂದು ಸೊಸೆ ಪ್ರಮೋದಾ ಹಿತ್ತಲ ಗಿಡಗಳ ಬುಡಕ್ಕೆ ನೀಲಗಿರಿ ಮರದ ಚಕ್ಕೆ ಹರಡಿದ ಮೇಲಂತೂ ಆಕೆಗೆ ನೆಮ್ಮದಿಯೇ ಇಲ್ಲ. “ಊರ ಬಾವಿನೇ ಕುಡ್ದಿದ್ ಮರ ಕಣಮ್ಮಾ, ಚೂರು ಮಾಡಿದ್ರೆ ದಾಹ ಹೋಯ್ತದಾ?” “ಅಯ್ಯೋ ಅತ್ತೆ, ಇನ್ಮೇಲೆ ಕಳೆ ಕೀಳೋ ಕೆಲ್ಸಾನೇ ಇಲ್ಲ ನಿಮ್ಗೆ. ಆರಾಮಾಗಿ ಕೂತ್ಕೊಳ್ಳಿ.” ಮುತ್ಯಾಲಮ್ಮನಿಗೆ ಚಕ್ಕೆಗಿಂತ ಆ ಮಾತಿನ ಮೇಲೇ ಹೆಚ್ಚು ಅನುಮಾನ. ದಿನಾ ಕಾಫಿಗೆ ಮೊದಲೇ ಚಕ್ಕೆ ಸರಿಸಿ, ಗೆದ್ದಲು ಹುಡುಕಿ, ಬೆರಳೂರಿ ನೋಡುತ್ತಾಳೆ. ಮಣ್ಣು ತಂಪಾಗಿದ್ದರೆ ಮುಖ ಸಿಂಡರಿಸುತ್ತಾಳೆ. ಇವತ್ತು ಬದನೆ ಗಿಡದ ಬುಡದಲ್ಲಿ ಒಂದೇ ಒಂದು ಗರಿಕೆ ಚಿಗುರಿತ್ತು. ಕೀಳಲು ಹೋದ ಕೈ ಅಲ್ಲೇ ನಿಂತಿತು. ಸೊಸೆ ಒಳಗಿದ್ದಾಳೆಂದು ಖಾತ್ರಿ ಮಾಡಿಕೊಂಡು, ಸುತ್ತಲ ಚಕ್ಕೆ ಸರಿಸಿ, ಆ ಕಳೆಗೆ ಒಂದು ಚೊಂಬು ನೀರು ಹಾಕಿದಳು.